ಎಸ್ಟೇಟ್ ಆಫ್‌ರೋಡಿಂಗ್‌ಗೆ ಯಾವ ವಾಕಿಟಾಕಿ ತಗೊಳ್ಳೋದು? ಐದಾರು ಗಾಡಿ, ನೆಟ್‌ವರ್ಕ್ ಸಿಗಲ್ಲ

ಹಾಸನ_ಥಾರ್

ಎಲ್ಲರಿಗೂ ನಮಸ್ಕಾರ. ನಾವೊಂದು ಐದಾರು ಗಾಡಿಯವರು ಸೇರ್ಕೊಂಡು ಸಕಲೇಶಪುರದ ಕಡೆ ಆಫ್‌ರೋಡ್ ಹೋಗ್ತಿರ್ತೀವಿ. ಎರಡು ಥಾರ್, ಒಂದು ಹಳೇ ಜಿಪ್ಸಿ, ಒಂದು ಜಿಮ್ನಿ, ಒಬ್ರದ್ದು ಗೂರ್ಖಾ. ಹೋಗೋದೆಲ್ಲಾ ಪರಿಚಯದವರ ಕಾಫಿ ಎಸ್ಟೇಟ್ ಒಳಗೇನೇ, ಮಾಲೀಕರನ್ನ ಕೇಳ್ಕೊಂಡೇ ಹೋಗ್ತೀವಿ, ರಿಸರ್ವ್ ಫಾರೆಸ್ಟ್ ಕಡೆ ತಲೆ ಹಾಕಲ್ಲ.

ತೊಂದ್ರೆ ಏನಂದ್ರೆ ಕಣದ ಹತ್ರ ಬಿಟ್ರೆ ಕೆಳಗಡೆ ಎಲ್ಲೂ ಮೊಬೈಲ್ ನೆಟ್‌ವರ್ಕ್ ಇಲ್ಲ. ಮುಂದಿನ ಗಾಡಿ ಹಳ್ಳದ ಹತ್ರ ಕೆಸರಲ್ಲಿ ಕೂತ್ಕೊಂಡಿರುತ್ತೆ, ಹಿಂದಿನವರಿಗೆ ಗೊತ್ತಾಗಲ್ಲ, ಅವರೂ ಇಳಿದು ಬಂದ್ಬಿಡ್ತಾರೆ, ಆಮೇಲೆ ರಿವರ್ಸ್ ತಗೊಳ್ಳೋಕೆ ಜಾಗ ಇಲ್ಲ. ಇಳಿಜಾರಲ್ಲಿ ದಾರಿ ತೋರಿಸೋಕೆ ನಿಂತವನು ಎಷ್ಟು ಕೂಗಿದ್ರೂ ಡೀಸೆಲ್ ಇಂಜಿನ್ ಸದ್ದಲ್ಲಿ ಡ್ರೈವರ್‌ಗೆ ಕೇಳಲ್ಲ. ಅದಕ್ಕೆ ಈ ಸಲ ಎಲ್ಲರೂ ದುಡ್ಡು ಹಾಕಿ ಸೆಟ್ ತಗೊಳ್ಳೋಣ ಅಂತ ಮಾತಾಗಿದೆ, ಗಾಡಿಗೆ ಐದಾರು ಸಾವಿರದವರೆಗೂ ಓಕೆ.

ವಿಚಾರಿಸಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಿದಾರೆ. ಒಬ್ರು ಬಾವೋಫೆಂಗ್ ಯುವಿ-5ಆರ್ ತಗೊಳ್ಳಿ, 5 ವ್ಯಾಟ್, ಕಮ್ಮಿ ರೇಟು ಅಂತಾರೆ. ಅಂಗಡಿಯವರೊಬ್ರು ಸಿಮ್ ಹಾಕೋ 4ಜಿ ವಾಕಿಟಾಕಿ ತೋರಿಸಿ ಇಡೀ ಇಂಡಿಯಾ ರೇಂಜು ಅಂದ್ರು. ನಮ್ಮ ಭಾವ ಅಮೆರಿಕದಿಂದ ಮುಂದಿನ ತಿಂಗಳು ಬರ್ತಿದಾರೆ, ಅಲ್ಲಿ ಜೀಪ್‌ನವರೆಲ್ಲಾ ಇಟ್ಕೊಳ್ಳೋ ಸೆಟ್ ತಂದುಕೊಡ್ಲಾ ಅಂತ ಕೇಳ್ತಿದಾರೆ. ಯಾವುದು ಸರಿ? ಲೈಸೆನ್ಸ್ ಬೇಕಾ? ಕಾಡು ಗುಡ್ಡದಲ್ಲಿ ನಿಜವಾಗ್ಲೂ ಎಷ್ಟು ದೂರ ಕೇಳುತ್ತೆ? ಬಳಸಿದವರು ದಯವಿಟ್ಟು ಹೇಳಿ.

ಹ್ಯಾಮ್_ಬೆಂಗಳೂರು

ಸರ್, ಮೊದಲು ಲೈಸೆನ್ಸ್ ವಿಷಯ ಕ್ಲಿಯರ್ ಮಾಡ್ಕೊಳ್ಳೋಣ, ಅದು ಕ್ಲಿಯರ್ ಆದ್ರೆ ಅರ್ಧ ಲಿಸ್ಟ್ ತಾನಾಗೇ ಕಮ್ಮಿ ಆಗುತ್ತೆ. ನಮ್ಮ ದೇಶದಲ್ಲಿ ಜನಸಾಮಾನ್ಯರು ಲೈಸೆನ್ಸ್ ಇಲ್ದೆ ಬಳಸಬಹುದಾದ ವಾಕಿಟಾಕಿ ಅಂದ್ರೆ 446.0 ರಿಂದ 446.2 ಮೆಗಾಹರ್ಟ್ಸ್ ಒಳಗಡೆ ಕೆಲಸ ಮಾಡೋವು, 2018ರ ನಿಯಮದಲ್ಲಿ ಇದಕ್ಕೆ ವಿನಾಯಿತಿ ಸಿಕ್ಕಿರೋದು. ಯುರೋಪಲ್ಲಿ ಪಿಎಂಆರ್ 446 ಅಂತ ಕರೀತಾರಲ್ಲ, ಅದೇ ಬ್ಯಾಂಡು, ಅರ್ಧ ವ್ಯಾಟ್ ಸೆಟ್‌ಗಳು. ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಯಾವ ಸೆಟ್ ಆದ್ರೂ ಆಗಲ್ಲ, ಆ ಮಾಡೆಲ್‌ಗೆ ಟೆಲಿಕಾಂ ಇಲಾಖೆಯ ಡಬ್ಲ್ಯುಪಿಸಿಯಿಂದ ಇಟಿಎ ಅನ್ನೋ ಅಪ್ರೂವಲ್ ಇರ್ಲೇಬೇಕು. ಮಾರೋನ ಹತ್ರ ಇಟಿಎ ಸರ್ಟಿಫಿಕೇಟ್ ತೋರ್ಸಿ ಅಂತ ಬಾಯಿಬಿಟ್ಟು ಕೇಳಿ, ಅದರಲ್ಲಿರೋ ಮಾಡೆಲ್ ನಂಬರೂ ಡಬ್ಬದ ಮೇಲಿರೋ ನಂಬರೂ ಒಂದೇನಾ ನೋಡಿ. ಫ್ರೀಕ್ವೆನ್ಸಿ ಬರೀದೇ ಬರೀ "10 ಕಿಲೋಮೀಟರ್ ರೇಂಜ್" ಅಂತ ಹಾಕಿರೋ ಡಬ್ಬ ಮುಟ್ಟಬೇಡಿ. ಆನ್‌ಲೈನಲ್ಲಿ ಹೀಗೇ ಮಾರ್ತಿದ್ರು ಅಂತಾನೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ವಾಕಿಟಾಕಿ ಮಾರಾಟಕ್ಕೆ ಪ್ರತ್ಯೇಕ ಮಾರ್ಗಸೂಚಿ ತಂದಿದ್ದು.

ಯುವಿ-5ಆರ್ 136ರಿಂದ 174ರ ವಿಎಚ್‌ಎಫ್ ಮತ್ತೆ 400ರ ಮೇಲಿನ ಯುಎಚ್‌ಎಫ್ ಎರಡರಲ್ಲೂ ಪ್ರಸಾರ ಮಾಡುತ್ತೆ. ಆ ವ್ಯಾಪ್ತಿಯಲ್ಲೇ ಪೊಲೀಸು, ಫಾರೆಸ್ಟು ಎಲ್ಲರ ವೈರ್‌ಲೆಸ್ ಬರುತ್ತೆ. ಗೊತ್ತಿಲ್ದೆ ಒಂದು ಬಟನ್ ಒತ್ತಿದ್ರೂ ಅವರ ಚಾನೆಲ್ ಮೇಲೆ ನಿಮ್ಮ ಮಾತು ಬೀಳಬಹುದು. ಲೈಸೆನ್ಸ್ ಇಲ್ದೆ ಅದನ್ನ ಇಟ್ಕೊಳ್ಳೋದೇ ಅಪರಾಧ, ಬರೀ ಮಾತಾಡೋದಲ್ಲ.

ಹುಬ್ಬಳ್ಳಿ_ಬೊಲೆರೊ

ಸರ, ನೀವು ಹೇಳೂದು ಕಾನೂನಿನ ಪ್ರಕಾರ ಖರೇ ಐತ್ರಿ, ಆದ್ರ ಅರ್ಧ ವ್ಯಾಟ್‌ನಾಗ ಏನ್ ಕೇಳಸ್ತೈತ್ರಿ? ನಮ್ಮ ಕಡೆ ಎರಿ ಹೊಲದಾಗ ಗುಡ್ಡ ಇಲ್ಲ ಗಿಡ ಇಲ್ಲ, ಅಲ್ಲಿ ನಡಿತೈತಿ, ನಾನೂ ನೋಡೇನಿ, ಎರಡ್ಮೂರು ಕಿಲೋಮೀಟರ್ ಸ್ವಚ್ಛ ಕೇಳತೈತಿ. ಆದ್ರ ಸಕಲೇಶಪುರ ಅಂದ್ರ ಮಳಿ, ಕಾಡು, ತಗ್ಗು. ಅಲ್ಲಿ 5 ವ್ಯಾಟ್ ಇದ್ರ ಹತ್ತು ಪಟ್ಟು ದೂರ ಹೋಗೂದಿಲ್ಲೇನ್ರಿ? ಇದನ್ನ ಸ್ವಲ್ಪ ಬಿಡಿಸಿ ಹೇಳ್ರಿ.

ಹ್ಯಾಮ್_ಬೆಂಗಳೂರು

ಒಳ್ಳೇ ಪ್ರಶ್ನೆ ಸರ್, ಜಾಸ್ತಿ ಜನ ಎಡವೋದು ಇಲ್ಲೇ. ಪವರ್ ಹತ್ತು ಪಟ್ಟು ಅಂದ್ರೆ, ಸಿಗ್ನಲ್ ಏರಿಳಿತ ಅಳೆಯೋ ಲೆಕ್ಕದಲ್ಲಿ 10 ಡೆಸಿಬಲ್. ಏನೂ ಅಡ್ಡ ಇಲ್ದೆ ಒಬ್ರಿಗೊಬ್ರು ನೇರವಾಗಿ ಕಾಣ್ತಿದ್ರೂ ಇದರಿಂದ ದೂರ ಸಿಗೋದು ಹೆಚ್ಚೂಕಮ್ಮಿ ಮೂರು ಪಟ್ಟು, ಹತ್ತು ಪಟ್ಟಲ್ಲ. ಮಧ್ಯ ಗುಡ್ಡದ ತೋಳು ಅಡ್ಡ ಬಂತು ಅಂದ್ರೆ ಅದೊಂದೇ 20, 30 ಡೆಸಿಬಲ್ ತಿಂದುಹಾಕುತ್ತೆ, ಅಂದ್ರೆ ಸಿಗ್ನಲ್ ನೂರರಲ್ಲಿ, ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತೆ, ಆಗ 5 ವ್ಯಾಟೂ ಅಷ್ಟೇ ಅರ್ಧ ವ್ಯಾಟೂ ಅಷ್ಟೇ. ಅದೇ ನೀವು ಇಪ್ಪತ್ತು ಹೆಜ್ಜೆ ಮೇಲಕ್ಕೆ ಹತ್ತಿ ಆ ತೋಳಿನ ತಲೆ ಮೇಲೆ ನಿಂತ್ರಿ ಅಂದ್ರೆ ಅರ್ಧ ವ್ಯಾಟಲ್ಲೇ ಎರಡೂ ಕಡೆ ಕೇಳುತ್ತೆ. ಯುಎಚ್‌ಎಫ್‌ನಲ್ಲಿ ಎತ್ತರಕ್ಕಿರೋ ಬೆಲೆ ವ್ಯಾಟಿಗಿಲ್ಲ.

ಮೂಡಿಗೆರೆ_ಪ್ಲಾಂಟರ್

ಹಾಸನದವ್ರೇ, ನಮ್ಮ ತೋಟದಲ್ಲೂ ಗಾಡಿಗಳು ಬರ್ತಾವೆ, ಅದಕ್ಕೆ ಮುಂಚಿಂದ ತೋಟದ ಕೆಲ್ಸಕ್ಕೂ ನಾವು 446ರ ಸೆಟ್ ಬಳಸ್ತಿದೀವಿ, ರೈಟ್ರ ಹತ್ರ ಒಂದು, ಪಂಪ್‌ಸೆಟ್ ಹತ್ರ ಒಂದು, ಮನೇಲಿ ಒಂದು. ಅದಕ್ಕೆ ಸ್ವಲ್ಪ ಉದ್ದ ಬರೀತೀನಿ ಬೇಜಾರು ಮಾಡ್ಕೋಬೇಡಿ ಮಾರಾಯ್ರೆ.

ರೇಂಜ್ ವಿಷ್ಯ ನೇರವಾಗಿ ಹೇಳ್ತೀನಿ. ಬೇಸಿಗೇಲಿ ಸಿಲ್ವರ್ ಓಕ್ ನೆರಳಲ್ಲಿ ಗಿಡದ ಸಾಲಿನ ಮಧ್ಯ ಒಂದು ಕಿಲೋಮೀಟರ್‌ವರೆಗೂ ಆರಾಮಾಗಿ ಕೇಳುತ್ತೆ, ಮಳೆ ಬಂದು ಎಲೆ ಎಲ್ಲಾ ತೊಪ್ಪೆ ಆದ್ಮೇಲೆ ಅದು ಅರ್ಧಕ್ಕೆ ಇಳಿಯುತ್ತೆ, ಒದ್ದೆ ಎಲೆ ಈ ಫ್ರೀಕ್ವೆನ್ಸಿನ ಚೆನ್ನಾಗಿ ಹೀರ್ಕೊಳ್ಳುತ್ತೆ. ಹಳ್ಳಕ್ಕೆ ಇಳಿದ್ರೆ ಇನ್ನೂ ಕಮ್ಮಿ. ಆದ್ರೆ ಈ ಗುಡ್ಡದ ನೆತ್ತಿಯಿಂದ ಎದುರಿನ ಗುಡ್ಡದ ನೆತ್ತಿಗೆ ಮೂರ್ನಾಲ್ಕು ಕಿಲೋಮೀಟರ್ ಪಕ್ಕದಲ್ಲೇ ನಿಂತಂಗೆ ಕೇಳುತ್ತೆ. ಈಗ ನೀವೇ ಯೋಚ್ನೆ ಮಾಡಿ, ಐದಾರು ಗಾಡಿ ಸಾಲಾಗಿ ಹೋಗುವಾಗ ಮೊದಲ ಗಾಡಿಗೂ ಕೊನೇ ಗಾಡಿಗೂ ಎಷ್ಟು ಅಂತರ ಇರುತ್ತೆ? ಮುನ್ನೂರು ನಾನ್ನೂರು ಮೀಟರ್ ಇದ್ರೆ ಹೆಚ್ಚು. ಅಷ್ಟಕ್ಕೆ ಅರ್ಧ ವ್ಯಾಟ್ ಧಾರಾಳ ಆಯ್ತು. ಅಂತರ ಅದಕ್ಕಿಂತ ಜಾಸ್ತಿ ಆಗ್ತಿದೆ ಅಂದ್ರೆ ಸೆಟ್ ಬದಲಾಯಿಸೋದಲ್ಲ, ಮುಂದಿನವರು ನಿಲ್ಲಿಸಿ ಕಾಯ್ಬೇಕು. ಮಧ್ಯ ಒಂದು ಗಾಡಿ ಏರಿನ ಮೇಲೆ ನಿಂತ್ಕೊಂಡು ಕೆಳಗಿನವರ ಮಾತನ್ನ ಮೇಲಿನವರಿಗೆ ದಾಟಿಸಿದ್ರೆ ಹಳ್ಳದೊಳಗೂ ಸಂಪರ್ಕ ತಪ್ಪಲ್ಲ, ನಾವು ಮೂರನೇ ಗಾಡಿಯವರಿಗೆ ಯಾವಾಗ್ಲೂ ಈ ಕೆಲ್ಸ ಕೊಡೋದು.

ಸೆಟ್ ಆರಿಸುವಾಗ ನಾನು ನೋಡೋದು ಬೇರೆ. ಎಲ್ಲರೂ ಒಂದೇ ಮಾಡೆಲ್ ತಗೊಳ್ಳಿ, ಇದು ತುಂಬಾ ಮುಖ್ಯ. ಹಳೇ ಪಿಎಂಆರ್ ಸೆಟ್‌ಗಳಲ್ಲಿ 8 ಚಾನೆಲ್, ಈಗಿನವುಗಳಲ್ಲಿ 16, ನೀವು 12ನೇ ಚಾನೆಲ್‌ಗೆ ಬನ್ನಿ ಅಂದ್ರೆ ಹಳೇ ಸೆಟ್‌ನವನು ಬರೋದು ಎಲ್ಲಿಗೆ? ಟೋನ್ ಕೋಡ್ ಕೂಡ ಹಾಗೇ, ಒಂದು ಕಂಪನಿಯ 5ನೇ ಕೋಡು ಇನ್ನೊಂದು ಕಂಪನಿಯಲ್ಲಿ 6 ಆಗಿರಬಹುದು, ಚಾನೆಲ್ ಒಂದೇ ಇದ್ರೂ ಒಬ್ರಿಗೊಬ್ರು ಕೇಳಿಸಲ್ಲ, ಸೆಟ್ ಕೆಟ್ಟಿದೆ ಅಂತ ತಲೆ ಕೆಡಿಸ್ಕೊಳ್ತಾರೆ. ಟೋನ್ ಹಾಕಿದ್ರೆ ನಮ್ಮ ಮಾತು ಬೇರೆಯವ್ರಿಗೆ ಕೇಳಲ್ಲ ಅಂತ ತುಂಬಾ ಜನ ತಿಳ್ಕೊಂಡಿದಾರೆ, ಹಾಗೇನಿಲ್ಲ, ಬೇರೆಯವರ ಮಾತು ನಮ್ಮ ಸ್ಪೀಕರಲ್ಲಿ ಬರದೇ ಇರೋ ಹಾಗೆ ಮಾಡುತ್ತೆ ಅಷ್ಟೇ. ಎಸ್ಟೇಟಲ್ಲಿ ಬೇರೆ ಯಾರೂ ಇರಲ್ಲ, ಟೋನ್ ಆಫ್ ಮಾಡಿಬಿಡಿ, ಕತೆ ಮುಗೀತು.

ನೀರು ಧೂಳಿಗೆ ಐಪಿ ರೇಟಿಂಗ್ ನೋಡಿ. ಐಪಿಎಕ್ಸ್4 ಅಂದ್ರೆ ಮಳೆ ಹನಿ, ಕೆಸರಿನ ಎರಚಲು ತಡಕೊಳ್ಳುತ್ತೆ, ಹಳ್ಳಕ್ಕೆ ಬಿದ್ರೆ ತಡೆಯಲ್ಲ. ಐಪಿ67 ಆದ್ರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಇದ್ರೂ ಏನೂ ಆಗಲ್ಲ. ದಾರಿ ತೋರಿಸೋನು ನೀರಲ್ಲಿ ಇಳಿದು ನಿಂತಿರ್ತಾನಲ್ಲ, ಅವನ ಕೈಗಾದ್ರೂ ಐಪಿ67 ಕೊಡ್ಬೇಕು. ಮತ್ತೆ ಬ್ಯಾಟರಿ, ಪ್ಯಾಕ್ ತೆಗೆದು ಮಾಮೂಲಿ ಎಎ ಸೆಲ್ ಹಾಕೋಕೆ ಬರೋ ಸೆಟ್ ಸಿಕ್ಕಿದ್ರೆ ಅದೇ ತಗೊಳ್ಳಿ, ಸೆಲ್ ಯಾವ ಪೆಟ್ಟಿಗೆ ಅಂಗಡೀಲೂ ಸಿಗುತ್ತೆ. ಇಲ್ಲಾಂದ್ರೆ ಯುಎಸ್‌ಬಿ ಚಾರ್ಜಿಂಗ್ ಇರ್ಲಿ, ಗಾಡಿಯ ಸಾಕೆಟ್‌ನಿಂದಾನೇ ಆಗುತ್ತೆ. ಗುಂಡಿ ದೊಡ್ಡದಿರ್ಬೇಕು, ಗ್ಲೌಸ್ ಹಾಕ್ಕೊಂಡು ಒತ್ತಿ ನೋಡಿ.

ಆ ಸಿಮ್ ಹಾಕೋ ಸೆಟ್ ನಿಮಗೆ ಬೇಡವೇ ಬೇಡ. ಅದು ಮೊಬೈಲ್ ಟವರ್ ಮೇಲೇ ನಡೆಯೋದು. ಮೊಬೈಲಿಗೆ ನೆಟ್‌ವರ್ಕ್ ಇಲ್ಲ ಅಂತ ತಾನೇ ನೀವು ಸೆಟ್ ಹುಡುಕ್ತಿರೋದು, ಟವರ್ ಇಲ್ಲದ ಕಡೆ ಪಕ್ಕದ ಗಾಡಿಗೂ ಅದರಿಂದ ಮಾತಾಡೋಕೆ ಆಗಲ್ಲ.

ಫೀನಿಕ್ಸ್_ಕನ್ನಡಿಗ

ನಮಸ್ಕಾರ, ನಾನು ಅರಿಜೋನಾದಲ್ಲಿರೋದು, ಇಲ್ಲಿ ಮರುಭೂಮಿ ಟ್ರೇಲ್‌ಗಳಿಗೆ ಜೀಪ್ ತಗೊಂಡು ಹೋಗ್ತೀವಿ. ನಿಮ್ಮ ಭಾವ ಹೇಳ್ತಿರೋದು ಜಿಎಂಆರ್‌ಎಸ್ ಅನ್ನೋ ಇಲ್ಲಿನ ವಾಕಿಟಾಕಿ ಸೇವೆಯ ಸೆಟ್ ಇರ್ಬೇಕು. ಮೊದಲೆಲ್ಲಾ ಇಲ್ಲಿ ಜೀಪ್‌ನವರು ಸಿಬಿ (ಸಿಟಿಜನ್ಸ್ ಬ್ಯಾಂಡ್) ರೇಡಿಯೋ ಇಟ್ಕೊಳ್ತಿದ್ರು, ಈಗ ಸುಮಾರು ಜನ ಜಿಎಂಆರ್‌ಎಸ್‌ಗೆ ಬಂದಿದಾರೆ, ಧ್ವನಿ ಎಫ್‌ಎಂ ಆದ್ದರಿಂದ ಸ್ವಚ್ಛ, ಗಾಡಿಗೆ ಫಿಟ್ ಮಾಡೋ ಸೆಟ್‌ಗೆ 50 ವ್ಯಾಟ್‌ವರೆಗೂ ಬಿಡ್ತಾರೆ, 35 ಡಾಲರ್ ಕಟ್ಟಿದ್ರೆ ಪರೀಕ್ಷೆ ಇಲ್ದೆ 10 ವರ್ಷಕ್ಕೆ ಮನೆಮಂದಿಗೆಲ್ಲಾ ಲೈಸೆನ್ಸ್. ಇಲ್ಲಿಗೆ ಅದು ತುಂಬಾ ಒಳ್ಳೇ ವ್ಯವಸ್ಥೆ. ಆದ್ರೆ ಅದರ ಫ್ರೀಕ್ವೆನ್ಸಿ 462 ಮತ್ತು 467 ಮೆಗಾಹರ್ಟ್ಸ್, ನಮ್ಮ ದೇಶದ ವಿನಾಯಿತಿಯ ಬ್ಯಾಂಡ್ ಒಳಗೆ ಬರೋದೇ ಇಲ್ಲ. ಸೂಪರ್‌ಮಾರ್ಕೆಟಲ್ಲಿ ಮಕ್ಕಳಿಗೆ ಅಂತ ಮಾರೋ ಎಫ್‌ಆರ್‌ಎಸ್ ಜೋಡಿನೂ ಅದೇ ಫ್ರೀಕ್ವೆನ್ಸಿ. ಭಾವನಿಗೆ ಇವತ್ತೇ ಫೋನ್ ಮಾಡಿ ಬೇಡ ಅಂದ್ಬಿಡಿ, ಏರ್‌ಪೋರ್ಟ್ ಕಸ್ಟಮ್ಸ್‌ನಲ್ಲಿ ಅವರಿಗೆ ಸುಮ್ನೆ ತೊಂದ್ರೆ. ಸ್ಯಾಟಲೈಟ್ ಮೆಸೆಂಜರ್ ತರ್ತೀನಿ ಅಂದ್ರೆ ಅದಂತೂ ಇನ್ನೂ ಬೇಡ, ಅನುಮತಿ ಇಲ್ದೆ ಭಾರತಕ್ಕೆ ಸ್ಯಾಟಲೈಟ್ ಫೋನು, ಮೆಸೆಂಜರು ತಂದವರನ್ನ ಏರ್‌ಪೋರ್ಟಲ್ಲೇ ಹಿಡಿದಿರೋ ಸುದ್ದಿ ಆಗಾಗ ಬರುತ್ತೆ.

ಹಾಸನ_ಥಾರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರ ಸಿಗುತ್ತೆ ಅಂದ್ಕೊಂಡಿರ್ಲಿಲ್ಲ. ಭಾವನಿಗೆ ಬೇಡ ಅಂತ ಹೇಳಿದೆ. ಹಾಗಾದ್ರೆ 446ರ ಸೆಟ್ಟೇ ತಗೊಳ್ತೀವಿ. ಇನ್ನೆರಡು ಡೌಟು. ಒಂದು, ಥಾರ್ ಒಳಗೆ ಕೂತು ಮಾತಾಡಿದ್ರೆ ತಗಡಿನ ಬಾಡಿ ಅಲ್ವಾ, ಹೊರಗಡೆ ಆಂಟೆನಾ ಹಾಕಿಸ್ಬಹುದಾ? ಎರಡು, ಗುಂಡಿ ಒತ್ತದೇ ಮಾತಾಡೋ ವಾಕ್ಸ್ ಅಂತ ಇರುತ್ತಲ್ಲ, ಡ್ರೈವ್ ಮಾಡೋನಿಗೆ ಅದು ಒಳ್ಳೇದಲ್ವಾ, ಎರಡೂ ಕೈ ಸ್ಟೀರಿಂಗ್ ಮೇಲೇ ಇರುತ್ತೆ?

ಹ್ಯಾಮ್_ಬೆಂಗಳೂರು

ಆಂಟೆನಾ ಬಗ್ಗೆ: ಪಿಎಂಆರ್ ಸೆಟ್‌ಗಳ ಆಂಟೆನಾ ಸೆಟ್‌ಗೇ ಸೇರಿರುತ್ತೆ, ಬಿಚ್ಚಿ ಬೇರೇದು ಹಾಕೋ ಹಾಗಿಲ್ಲ. ಅದಕ್ಕೆ ಸೆಟ್ ಎಲ್ಲಿ ಇಡ್ತೀರಿ ಅನ್ನೋದೇ ಮುಖ್ಯ. ಕಪ್ ಹೋಲ್ಡರ್‌ನಲ್ಲಿ, ಸೀಟ್ ಮಧ್ಯದಲ್ಲಿ ಇಟ್ರೆ ಸುತ್ತಲೂ ತಗಡು, ಸಿಗ್ನಲ್ ಹೊರಗೆ ಹೋಗೋದು ಕಿಟಕಿ ಗಾಜಿನಿಂದ ಮಾತ್ರ. 446 ಮೆಗಾಹರ್ಟ್ಸ್‌ನ ಅಲೆ ಉದ್ದ ಸುಮಾರು 67 ಸೆಂಟಿಮೀಟರ್, ಕಿಟಕಿ ಅದಕ್ಕಿಂತ ದೊಡ್ಡದೇ ಇರೋದ್ರಿಂದ ಸೆಟ್‌ನ ಗಾಜಿನ ಹತ್ರ, ಗಾಜಿನ ಕೆಳಅಂಚಿಗಿಂತ ಮೇಲಕ್ಕೆ ಆಂಟೆನಾ ನೆಟ್ಟಗೆ ನಿಲ್ಲೋ ಹಾಗೆ ಹಿಡಿದ್ರೆ ಸಾಕು. ಎಲ್ಲರ ಆಂಟೆನಾನೂ ನೆಟ್ಟಗೇ ಇರ್ಬೇಕು, ಒಬ್ರದ್ದು ಅಡ್ಡ ಮಲಗಿದ್ರೆ ಅಲ್ಲೇ ಸಿಗ್ನಲ್ ಬೀಳುತ್ತೆ.

27 ಮೆಗಾಹರ್ಟ್ಸ್ ಸಿಬಿ ಬ್ಯಾಂಡಲ್ಲೂ ನಮ್ಮಲ್ಲಿ 5 ವ್ಯಾಟ್‌ವರೆಗೆ ಲೈಸೆನ್ಸ್ ವಿನಾಯಿತಿ ಇದೆ, 2005ರಿಂದ. ಆದ್ರೆ ಅಲ್ಲೂ ಸೆಟ್‌ಗೆ ಸೇರಿರೋ ಆಂಟೆನಾನೇ ಇರ್ಬೇಕು, ಆ ಅಲೆಗೆ ಕಾಲುಭಾಗದ ಆಂಟೆನಾ ಅಂದ್ರೂ ಎರಡೂಮುಕ್ಕಾಲು ಮೀಟರ್ ಆಗುತ್ತೆ, ಕೈ ಸೆಟ್‌ನ ಗಿಡ್ಡ ಆಂಟೆನಾದಲ್ಲಿ ಅದರ ಲಾಭ ಸಿಗಲ್ಲ.

ನಿಜವಾಗ್ಲೂ ಗಾಡಿ ಮೇಲೆ ಆಂಟೆನಾ, ಜಾಸ್ತಿ ಪವರ್ ಬೇಕು ಅನ್ಸಿದ್ರೆ ಹ್ಯಾಮ್ (ಹವ್ಯಾಸಿ ರೇಡಿಯೋ) ಪರೀಕ್ಷೆ ಬರೀರಿ. 12 ವರ್ಷ ಆದ ಯಾರು ಬೇಕಾದ್ರೂ ಬರೀಬಹುದು, ರಿಸ್ಟ್ರಿಕ್ಟೆಡ್ ಗ್ರೇಡ್‌ಗೆ ಮೋರ್ಸ್ ಬೇಕಿಲ್ಲ, 50 ವ್ಯಾಟ್‌ವರೆಗೆ ಅವಕಾಶ, ಅರ್ಜಿ ಸರಳ ಸಂಚಾರ್ ಪೋರ್ಟಲ್‌ನಲ್ಲಿ. ಬೆಂಗಳೂರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್‌ನವರು ತರಬೇತಿ ಕೊಡ್ತಾರೆ. 144ರಿಂದ 146ರ ಬ್ಯಾಂಡು ಗಿಡಮರದೊಳಗೆ ಯುಎಚ್‌ಎಫ್‌ಗಿಂತ ಚೆನ್ನಾಗಿ ನುಗ್ಗುತ್ತೆ. ಆದ್ರೆ ಒಂದು ಗಾಡಿಯಲ್ಲಿ ಒಬ್ಬನಿಗೆ ಲೈಸೆನ್ಸ್ ಇದ್ರೆ ಸಾಲಲ್ಲ, ಮಾತಾಡೋ ಪ್ರತಿಯೊಬ್ಬನಿಗೂ ಬೇಕು. ನಿಮ್ಮ ಗುಂಪು ಪೂರ್ತಿ ಬರೆದು ಪಾಸಾದ್ರೆ ನನಗಂತೂ ಬಹಳ ಖುಷಿ.

ಮೂಡಿಗೆರೆ_ಪ್ಲಾಂಟರ್

ವಾಕ್ಸ್ ಮಾತ್ರ ಆನ್ ಮಾಡ್ಬೇಡಿ. ಫಸ್ಟ್ ಗೇರಲ್ಲಿ ಏರು ಹತ್ತುವಾಗ ಇಂಜಿನ್ ಸದ್ದಿಗೇ ಸೆಟ್ ತಾನಾಗಿ ಆನ್ ಆಗಿ ಚಾನೆಲ್ ಹಿಡ್ಕೊಂಡು ಕೂತ್ಬಿಡುತ್ತೆ, ಆಗ ಬೇರೆ ಯಾರೂ ಮಾತಾಡೋಕಾಗಲ್ಲ, ನಿಲ್ಸು ಅಂತ ಕೂಗೋ ದಾರಿ ತೋರಿಸೋನ ಮಾತೂ ಡ್ರೈವರ್‌ಗೆ ಬರಲ್ಲ. ಅದರ ಬದಲು ಸ್ಪೀಕರ್ ಮೈಕ್ ತಗೊಳ್ಳಿ, ಸುರುಳಿ ವೈರಿಂದು, ಸೀಟ್‌ಬೆಲ್ಟ್‌ಗೆ ಭುಜದ ಹತ್ರ ಕ್ಲಿಪ್ ಹಾಕ್ಕೊಂಡ್ರೆ ಕಿವಿ ಹತ್ರಾನೇ ಕೇಳುತ್ತೆ, ಉತ್ತರ ಕೊಡೋದು ಪಕ್ಕದ ಸೀಟಿನವರ ಕೆಲ್ಸ. ಕಡಿದಾದ ಇಳಿಜಾರಲ್ಲಿ ಡ್ರೈವರ್ ಬರೀ ಕೇಳ್ಬೇಕು, ಮಾತಾಡಬಾರದು.

ದಾರಿ ತೋರಿಸೋನಿಗೆ ಒಂದು ಮಾತು ಕಲಿಸಿಕೊಡಿ. ಗುಂಡಿ ಒತ್ತಿ, ಒಂದು ಉಸಿರು ಬಿಟ್ಟು ಆಮೇಲೆ ಮಾತು ಶುರು ಮಾಡ್ಬೇಕು. ಒತ್ತುತ್ತಲೇ ಮಾತಾಡಿದ್ರೆ ಮೊದಲ ಅಕ್ಷರ ಹೋಗ್ಬಿಡುತ್ತೆ. ಇಳಿಜಾರಿನ ಬಾಯಲ್ಲಿ ನಿಂತಿರೋ ಡ್ರೈವರ್‌ಗೆ ಕಾಣೋದು ಬಾನೆಟ್ಟೂ ಆಕಾಶಾನೂ ಮಾತ್ರ, ಮುಂದಿನ ಚಕ್ರ ಎಲ್ಲಿದೆ ಅಂತ ಗೊತ್ತಿರಲ್ಲ, ಅಂಥಾ ಹೊತ್ತಲ್ಲಿ "ಬೇಡ ಎಡಕ್ಕೆ" ಅಂದಿದ್ದರಲ್ಲಿ "ಬೇಡ" ಕಟ್ ಆಗಿ "ಎಡಕ್ಕೆ" ಅಷ್ಟೇ ಕೇಳಿದ್ರೆ ಗಾಡಿ ಎಲ್ಲಿಗೆ ಹೋಗುತ್ತೆ? ಅದಕ್ಕೆ ನಮ್ಮಲ್ಲಿ "ಬೇಡ" ಅನ್ನೋ ಪದಾನೇ ಬಳಸಲ್ಲ. ಎಡ, ಬಲ, ನೇರ, ನಿಲ್ಸು, ಹಿಂದೆ, ಇಷ್ಟೇ. "ನಿಲ್ಸು" ಮಾತ್ರ ಎರಡು ಸಲ, ಯಾರು ಬೇಕಾದ್ರೂ ಹೇಳ್ಬಹುದು, ಹೇಳಿದ ತಕ್ಷಣ ಎಲ್ಲಾ ಗಾಡಿ ನಿಲ್ಬೇಕು, ಕಾರಣ ಆಮೇಲೆ ಕೇಳ್ಕೊಳ್ಳೋದು.

ವಿಂಚ್ ಹಾಕುವಾಗ ಚಾನೆಲಲ್ಲಿ ಇಬ್ರೇ ಮಾತಾಡ್ಬೇಕು, ವಿಂಚ್ ನಡೆಸೋನು ಮತ್ತೆ ಸಿಕ್ಕಿಕೊಂಡಿರೋ ಗಾಡಿಯ ಡ್ರೈವರು. ಹಗ್ಗ ಬಿಗಿಯಾದ್ಮೇಲೆ ಉಳಿದವರು ತಮಾಷೆ, ಸಲಹೆ ಯಾವ್ದೂ ಹೇಳೋ ಹಾಗಿಲ್ಲ.

ಕೊಡಗು_ಜಿಪ್ಸಿ

ಇದಕ್ಕೊಂದು ಸೇರಿಸ್ತೀನಿ, ಮಾತಿಗಲ್ಲ, ಜಾಗ ತಿಳ್ಕೊಳ್ಳೋಕೆ. ಮೆಶ್‌ಟಾಸ್ಟಿಕ್ ಅಂತ ಇದೆ, ಸಣ್ಣ ಲೋರಾ ಬೋರ್ಡು (ಕಮ್ಮಿ ಪವರಲ್ಲಿ ದೂರ ಡೇಟಾ ಕಳಿಸೋ ರೇಡಿಯೋ), ಬ್ಲೂಟೂತಲ್ಲಿ ಮೊಬೈಲಿಗೆ ಕನೆಕ್ಟ್ ಮಾಡಿದ್ರೆ ನೆಟ್‌ವರ್ಕ್ ಇಲ್ದೇನೇ ಎಲ್ಲಾ ಗಾಡಿಗಳೂ ಮ್ಯಾಪ್ ಮೇಲೆ ಕಾಣುತ್ತೆ, ಚಿಕ್ಕ ಮೆಸೇಜೂ ಕಳಿಸ್ಬಹುದು. ನಮ್ಮ ದೇಶಕ್ಕೆ 865ರಿಂದ 867 ಮೆಗಾಹರ್ಟ್ಸ್, ಅದಕ್ಕೂ ಲೈಸೆನ್ಸ್ ಬೇಡ. ಸೆಟ್ಟಿಂಗಲ್ಲಿ ರೀಜನ್ ಇಂಡಿಯಾ ಅಂತ ಆರಿಸ್ಕೊಳ್ಳಿ. ಒಂದು ಗಾಡಿಯದ್ದು ಇನ್ನೊಂದು ಗಾಡಿಗೆ ದಾಟಿಸ್ತಾ ಹೋಗುತ್ತೆ, ಆದ್ದರಿಂದ ಗುಡ್ಡದ ಆಚೆಗೂ ಮೆಸೇಜ್ ಮುಟ್ಟುತ್ತೆ. ಮಾತು ಮಾತ್ರ ಇದರಲ್ಲಿ ಆಗಲ್ಲ, ವಾಕಿಟಾಕಿ ಬೇಕೇ ಬೇಕು.

ಹುಬ್ಬಳ್ಳಿ_ಬೊಲೆರೊ

ಭಾಳ ಚಲೋ ಮಾಹಿತಿ ಸಿಕ್ತ್ರಿ ಎಲ್ಲಾರಿಂದ. ನಮ್ಮ ಗುಂಪಿನವ್ರಿಗೂ ಇದನ್ನ ಕಳಸ್ತೀನಿ. ಹಾಸನದ ಅಣ್ಣಾರ, ಎಷ್ಟು ಸೆಟ್ ತಗೋತೀರಿ? ಗಾಡಿಗೊಂದರಂಗ ಐದೇ ತಗೋಬ್ಯಾಡ್ರಿ, ದಾರಿ ತೋರಸಾವ ಗಾಡಿಯಿಂದ ಇಳದ ಮ್ಯಾಲೆ ಅವನ ಗಾಡ್ಯಾಗ ಸೆಟ್ ಇರೂದಿಲ್ಲ.

ಹಾಸನ_ಥಾರ್

ಹೌದು ಸರ್, ಅದು ತಲೆಗೇ ಬಂದಿರ್ಲಿಲ್ಲ. ಗಾಡಿಗೊಂದು, ಇಳಿದು ನಿಲ್ಲೋರಿಗೆ ಎರಡು, ಒಟ್ಟು ಏಳು ತಗೊಳ್ತೀವಿ, ಆ ಎರಡು ಐಪಿ67. ಅದೇ ಕಂಪನಿಯ 16 ಚಾನೆಲ್‌ದೇ ಸಿಗುತ್ತಾ ನೋಡ್ತೀನಿ, ಇಲ್ಲಾಂದ್ರೆ ಏಳೂ ಐಪಿ67ದೇ. ನಾಳೆ ಅಂಗಡಿಗೆ ಹೋಗಿ ಮೊದಲು ಇಟಿಎ ಸರ್ಟಿಫಿಕೇಟ್ ಕೇಳ್ತೀನಿ. ಸೆಟ್ ಬಂದ್ಮೇಲೆ ಗಾಡಿ ಇಳಿಸೋಕೆ ಮುಂಚೆ ಒಬ್ರು ಕಣದಲ್ಲಿ ನಿಂತು ಇನ್ನೊಬ್ರು ಹಳ್ಳದವರೆಗೂ ನಡ್ಕೊಂಡು ಹೋಗಿ ಎಲ್ಲೆಲ್ಲಿ ಕಟ್ ಆಗುತ್ತೆ ಅಂತ ಮ್ಯಾಪಲ್ಲಿ ಗುರುತು ಹಾಕ್ಕೊಳ್ತೀವಿ, ಮೂರನೇ ಗಾಡಿ ಎಲ್ಲಿ ನಿಲ್ಬೇಕು ಅನ್ನೋದೂ ಆಗ ಗೊತ್ತಾಗುತ್ತೆ. ಯಾವ ಮಾಡೆಲ್ ಸಿಕ್ತು ಅಂತ ಇಲ್ಲೇ ಬರೀತೀನಿ.